ಎದುರುಗಾಳಿಗಾಗಿ ಹೊರಟ ಹಡಗು

1971ರ ಡಿಸೆಂಬರ್ ಮೊದಲ ವಾರದಲ್ಲಿ ಮೂಡಿಗೆರೆ ಸೀಮೆಯ ಅಜ್ಜಿಯ ಮನೆಯಲ್ಲಿ ಅರೇಬಿಕಾ ಕೊಯ್ಲು ನಡೆದಿತ್ತು. ನನಗಾಗ ಒಂಬತ್ತು ವರ್ಷ. ಅಲ್ಲಿಯೇ ಇದ್ದುಕೊಂಡು ನಾಲ್ಕನೇ ತರಗತಿಗೆ ಹೋಗುತ್ತಿದ್ದೆ. ಹಣ್ಣು ಬಿಡಿಸಿ ತಂದ ಆಳುಗಳು ಸಂಜೆ ಅಳತೆಗೆಂದು ಅಂಗಳದಲ್ಲಿ ಸಾಲಾಗಿ ನಿಲ್ಲುವ ಹೊತ್ತಿಗೆ ಸರಿಯಾಗಿ ಜಗಲಿಯ ಮೇಲಿನ ರೇಡಿಯೊದಲ್ಲಿ ವಾರ್ತೆ ಬರುತ್ತಿತ್ತು, ಮತ್ತು ಅಷ್ಟು ಹೊತ್ತು ಕಣದಲ್ಲಿ ಕಾಫಿ ಎಳೆಯುವ ಹಲಗೆಯ ಸದ್ದನ್ನೂ ನಿಲ್ಲಿಸುವಂತೆ ಅಜ್ಜಿ ಕೈಸನ್ನೆ ಮಾಡುತ್ತಿದ್ದಳು. ಪಾಕಿಸ್ತಾನದೊಂದಿಗೆ ಯುದ್ಧ ನಡೆದಿತ್ತು; ಆಗ ಪೂರ್ವ ಪಾಕಿಸ್ತಾನವಾಗಿದ್ದ ಇಂದಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್, ಚಿತ್ತಗಾಂಗ್, ಖುಲ್ನಾ ಎಂಬ ಊರುಗಳ ಹೆಸರು ನಮ್ಮ ಕಿವಿಗೆ ಬಿದ್ದದ್ದು ಹಾಗೆ. ಅಜ್ಜಿಯ ಕಿರಿಯ ಮಗ, ನನ್ನ ಸೋದರಮಾವ, ನಮ್ಮ ನೌಕಾಪಡೆಯ ವಿಕ್ರಾಂತ್ ಎಂಬ ವಿಮಾನವಾಹಕ ಹಡಗಿನಲ್ಲಿದ್ದ. ಹಡಗಿನ ಮೇಲೆ ವಿಮಾನ ಇಳಿಯುತ್ತದೆ ಎಂಬುದನ್ನು ಅಜ್ಜಿ ಕೊನೆಯವರೆಗೂ ಪೂರ್ತಿಯಾಗಿ ನಂಬಲಿಲ್ಲ.

ಮಾವ ವಿಮಾನ ಹಾರಿಸುವವನಲ್ಲ, ಎಂಜಿನ್ ಮೆಕ್ಯಾನಿಕ್. ನೌಕಾಪಡೆಯ ಯುದ್ಧವಿಮಾನ ಚಾಲಕರ ಬದುಕನ್ನು ನಾನು ತಿಳಿದುಕೊಂಡದ್ದು ಅವರಿಗಾಗಿ ವಿಮಾನವನ್ನು ಸಜ್ಜುಗೊಳಿಸಿ, ಅವರು ಹೋದ ಮೇಲೆ ಆಕಾಶ ನೋಡುತ್ತ ನಿಲ್ಲುತ್ತಿದ್ದ ಒಬ್ಬನ ಕಣ್ಣಿನಿಂದ. ಇದೊಂದು ಕೊರತೆಯೆಂದು ಬಹುಕಾಲ ಭಾವಿಸಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಯುದ್ಧ ಮುಗಿದ ಮರುವರ್ಷ ಅವನು ರಜೆಯಲ್ಲಿ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಪೈಲಟ್‌ಗಳು ಎಷ್ಟು ಹಡಗು ಮುಳುಗಿಸಿದರು ಎಂಬುದು. ಮಾವ ಅದಕ್ಕೆ ಉತ್ತರ ಹೇಳಲಿಲ್ಲ. ಬಾಗಿಲ ಹಿಂದೆ ನೇತುಹಾಕಿದ್ದ ಅಜ್ಜನ ಉದ್ದ ಕೊಡೆಯನ್ನು ತೆಗೆದುಕೊಂಡು ನನ್ನನ್ನು ಕಣಕ್ಕೆ ಕರೆದೊಯ್ದ. ಕೊಯ್ಲಿನ ಕಾಲವಲ್ಲವಾದ್ದರಿಂದ ಕಣ ಖಾಲಿಯಿತ್ತು. ಎರಡೂ ಅಂಚಿನಲ್ಲಿ ಕಲ್ಲುಗಳನ್ನಿಟ್ಟು, ನೆಲದಿಂದ ನಾಲ್ಕು ಬೆರಳು ಮೇಲೆ ಇರುವಂತೆ, ಅಡ್ಡಲಾಗಿ ಮೂರು ಹಗ್ಗ ಕಟ್ಟಿದ. ಕೊಡೆಯ ತುದಿಯನ್ನು ನನ್ನ ಕೈಗೆ ಕೊಟ್ಟು, ಬಾಗಿದ ಹಿಡಿ ಹಿಂದೆ ನೆಲಕ್ಕೆ ತಾಗುವಂತೆ ಎಳೆದುಕೊಂಡು ಜೋರಾಗಿ ಓಡು ಎಂದ. ಮೊದಲ ಹಗ್ಗದ ಮೇಲೆ ಹಿಡಿ ಹಾರಿ ಹೋಯಿತು, ಎರಡನೆಯದಕ್ಕೆ ಸಿಕ್ಕಿಕೊಂಡಿತು. ತೋಳು ಕಿತ್ತು ಬಂದಂತಾಗಿ ನಾನು ಹಿಂದಕ್ಕೆ ಕುಕ್ಕರಿಸಿದೆ. "ಇಷ್ಟೇ ಪುಟ್ಟ," ಎಂದ ಮಾವ. "ಆದ್ರೆ ನೀನು ಗಂಟೆಗೆ ಇನ್ನೂರು ಕಿಲೋಮೀಟರ್ ಓಡ್ತಿರ್ಬೇಕು. ಕಣಾನೂ ಮುಂದಕ್ಕೆ ಹೋಗ್ತಿರ್ಬೇಕು, ಮೇಲೆ ಕೆಳಗೆ ಆಡ್ತಿರ್ಬೇಕು. ಬಾಂಬ್ ಹಾಕೋದು ಅರ್ಧ ಕೆಲಸ. ವಾಪಸ್ ಬರೋದಿದೆಯಲ್ಲ, ಅದನ್ನ ನೋಡ್ಬೇಕು."

ವಾಯುಪಡೆಯ ಚಾಲಕನಿಗೂ ನೌಕಾಪಡೆಯ ಚಾಲಕನಿಗೂ ಇರುವ ವ್ಯತ್ಯಾಸವನ್ನು ಆ ಕೊಡೆ ನನಗೆ ಕಲಿಸಿದಷ್ಟು ಚೆನ್ನಾಗಿ ಯಾವ ಪುಸ್ತಕವೂ ಕಲಿಸಲಿಲ್ಲ. ನೆಲದಿಂದ ಹಾರಿದವನಿಗೆ ಮರಳುವಾಗ ಎರಡು ಕಿಲೋಮೀಟರ್ ಉದ್ದದ, ಎಲ್ಲಿತ್ತೋ ಅಲ್ಲಿಯೇ ಇರುವ ರನ್‌ವೇ ಕಾದಿರುತ್ತದೆ. ವಿಕ್ರಾಂತ್‌ನ ಒಟ್ಟು ಉದ್ದವೇ ಸುಮಾರು 213 ಮೀಟರ್, ಅದರಲ್ಲಿ ಇಳಿಯಲು ಸಿಗುವುದು ಒಂದು ಭಾಗ ಮಾತ್ರ. ಹೋಗುವಾಗ ಬಿಟ್ಟುಹೋದ ಜಾಗದಲ್ಲಿ ಬರುವಾಗ ಹಡಗು ಇರುವುದೂ ಇಲ್ಲ. ದಾಳಿಯ ದಣಿವು ಮೈಯಲ್ಲಿರುವಾಗ, ಇಂಧನ ಕಡಿಮೆಯಾಗುತ್ತಿರುವಾಗ, ಬರಿ ನೀರಿನ ನಡುವೆ ಒಂದು ಬೂದುಬಣ್ಣದ ತುಂಡನ್ನು ಹುಡುಕಿ, ಬಾಲದ ಕೆಳಗಿನ ಕೊಕ್ಕೆಯನ್ನು ಡೆಕ್ಕಿಗೆ, ಅಂದರೆ ಹಡಗಿನ ಮೇಲಿನ ಬಯಲು ನೆಲಕ್ಕೆ, ಅಡ್ಡವಾಗಿ ಬಿಗಿದ ಉಕ್ಕಿನ ಹಗ್ಗಗಳಲ್ಲೊಂದಕ್ಕೆ ಸಿಕ್ಕಿಸಬೇಕು.

ಇದನ್ನು ಸಾಧ್ಯವಾಗಿಸಿದ ಮೂರು ಉಪಾಯಗಳು ಎರಡನೇ ಮಹಾಯುದ್ಧದ ನಂತರ ಬ್ರಿಟಿಷ್ ನೌಕಾಪಡೆಯಲ್ಲಿ ಹುಟ್ಟಿದವು, ಮೂರೂ ವಿಕ್ರಾಂತ್‌ನಲ್ಲಿದ್ದವು. ಒಂದು, ಉಗಿಯ ಒತ್ತಡದಿಂದ ವಿಮಾನವನ್ನು ಎಸೆಯುವ ಕವಣೆಯಂಥ ಕೆಟಪಲ್ಟ್. ಇನ್ನೊಂದು, ಇಳಿಯುವ ಪಟ್ಟಿಯನ್ನು ಹಡಗಿನ ನೇರಕ್ಕಿಡದೆ ಎಡಕ್ಕೆ ಓರೆಯಾಗಿಸಿದ ಡೆಕ್. ಕೊಕ್ಕೆ ಯಾವ ಹಗ್ಗಕ್ಕೂ ಸಿಗದಿದ್ದರೆ ಮುಂದೆ ನಿಂತ ವಿಮಾನಗಳ ಮೇಲೆ ನುಗ್ಗದೆ ಮತ್ತೆ ಮೇಲೇರಿ ಹೋಗಲು ಇದು ದಾರಿ ಬಿಡುತ್ತದೆ. ಆದ್ದರಿಂದಲೇ ಚಾಲಕ ಚಕ್ರಗಳು ಡೆಕ್ಕಿಗೆ ತಾಗಿದ ಕ್ಷಣದಲ್ಲಿ ಎಂಜಿನ್‌ನ ಶಕ್ತಿಯನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತಾನೆ. ಇಳಿದೆನೆಂದು ನಂಬುವುದಕ್ಕೆ ಮೊದಲು ಇಳಿಯಲಿಲ್ಲವೆಂದುಕೊಳ್ಳಬೇಕಾದ ಈ ಅಭ್ಯಾಸ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಮೂರನೆಯದು ಇಳಿಯುವ ಚಾಲಕನಿಗೆ ಎತ್ತರ ತೋರುವ ಕನ್ನಡಿ. ಅದರಲ್ಲಿ ಕಾಣುವ ದೀಪದ ಬಿಂಬ ಪಕ್ಕದ ಹಸಿರು ದೀಪಗಳ ಸಾಲಿಗೆ ಸಮನಾಗಿದ್ದರೆ ಎತ್ತರ ಸರಿ. ಬಿಂಬ ಕೆಳಗಿಳಿದರೆ ವಿಮಾನವೂ ಕೆಳಗಿದೆ, ಹಡಗಿನ ಹಿಂಬದಿಗೆ ಬಡಿಯುತ್ತದೆ.

ಹಡಗಿನ ಕಥೆಯೂ ಸರಳವಲ್ಲ. 1943ರಲ್ಲಿ ಬ್ರಿಟನ್ನಿನಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ಕಟ್ಟಲು ತೊಡಗಿ, 1945ರಲ್ಲಿ ನೀರಿಗಿಳಿಸಿ, ಯುದ್ಧ ಮುಗಿದದ್ದರಿಂದ ಅರ್ಧಕ್ಕೇ ಬಿಟ್ಟಿದ್ದ ಅದನ್ನು ಭಾರತ 1957ರಲ್ಲಿ ಕೊಂಡಿತು. ಬೆಲ್‌ಫಾಸ್ಟ್‌ನಲ್ಲಿ ಕೆಲಸ ಮುಗಿದು 1961ರ ಮಾರ್ಚ್ 4ರಂದು ಅದು ವಿಕ್ರಾಂತ್ ಆಯಿತು. ಅದೇ ವರ್ಷ ಮೇ 18ರಂದು ಅದರ ಮೇಲೆ ಮೊದಲ ಜೆಟ್ ವಿಮಾನವನ್ನು ಇಳಿಸಿದ ಭಾರತೀಯ ಲೆಫ್ಟಿನೆಂಟ್ ಆರ್. ಎಚ್. ತಹಿಲಿಯಾನಿ, ಮುಂದೆ ಅವರು ನೌಕಾಪಡೆಯ ಮುಖ್ಯಸ್ಥರಾದರು. ವಿಮಾನ ಸೀ ಹಾಕ್. ಒಬ್ಬನೇ ಕೂರುವ, ರೆಕ್ಕೆಗಳನ್ನು ಮೇಲಕ್ಕೆ ಮಡಚಬಹುದಾದ, ಮೂತಿಯ ಕೆಳಗೆ 20 ಮಿಲಿಮೀಟರ್‌ನ ನಾಲ್ಕು ತೋಪುಗಳಿದ್ದ ಬ್ರಿಟಿಷ್ ಜೆಟ್. ಅದರ ಎಂಜಿನ್ ಬಾಲದಲ್ಲಿ ಉಗುಳುವುದಿಲ್ಲ, ಎರಡು ಕವಲಾಗಿ ರೆಕ್ಕೆಗಳ ಬುಡದಲ್ಲಿ ಎರಡೂ ಪಕ್ಕದಿಂದ ಉಗುಳುತ್ತದೆ. ಮಾವನ ಕಿವಿ ಮಂದವಾದದ್ದು ಆ ಕವಲುಗಳ ಪಕ್ಕದಲ್ಲಿ.

ಬಿಳಿಹುಲಿಗಳು ಎಂಬ ಬಿರುದಿನ, ನೌಕಾಪಡೆಯ ವಿಮಾನದಳವಾದ ಐಎನ್ಎಎಸ್ 300 ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ 1960ರಲ್ಲಿ ಬ್ರಿಟನ್ನಿನಲ್ಲೇ ರೂಪುಗೊಂಡಿತ್ತು. ನೌಕಾಪಡೆಯ ವಿಮಾನ ನೆಲೆಯಾದ ಹಂಸ ಮೊದಲು ಕೊಯಮತ್ತೂರಿನ ಬಳಿಯಿತ್ತು, 1964ರಲ್ಲಿ ಗೋವಾದ ದಾಬೋಲಿಗೆ ಬಂತು. ಮರುವರ್ಷ ಪಾಕಿಸ್ತಾನದೊಂದಿಗೆ ಯುದ್ಧವಾದಾಗ ವಿಕ್ರಾಂತ್ ಮುಂಬಯಿಯಲ್ಲಿ ದುರಸ್ತಿಗಾಗಿ ನಿಂತಿತ್ತು. ಸೀ ಹಾಕ್‌ಗಳು ಜಾಮ್‌ನಗರದವರೆಗೆ ಹೋಗಿ ದಾಳಿ ಮಾಡದೆ ಮರಳಿದವು. ಹಡಗನ್ನು ಮುಳುಗಿಸಿದೆವೆಂದು ಪಾಕಿಸ್ತಾನ ಸಾರಿತು. ಇದ್ದೂ ಇಲ್ಲದವರಾದ ಆ ಅವಮಾನವನ್ನು ಆ ಚಾಲಕರು ಆರು ವರ್ಷ ಹೊತ್ತರೆಂದು ಮಾವ ಹೇಳುತ್ತಿದ್ದ. ಅವನು ಸೇರಿದಾಗಲೂ ಮೆಸ್ಸಿನಲ್ಲಿ ಆ ಮಾತು ಹಸಿಯಾಗಿಯೇ ಇತ್ತಂತೆ.

1970ರ ಜೂನ್‌ನಲ್ಲಿ ಮತ್ತೊಂದು ಕೇಡು ಕಂಡುಬಂತು. ವಿಕ್ರಾಂತ್‌ನ ಬಾಯ್ಲರ್‌ಗಳ ನೀರಿನ ಡ್ರಮ್ಮುಗಳಲ್ಲಿ ಬಿರುಕುಗಳು ಮೂಡಿದ್ದವು. ಬೆಸುಗೆಯಿಂದ ಮುಚ್ಚುವಂಥವಲ್ಲ, ಬದಲಿ ಡ್ರಮ್ಮು ನಮ್ಮಲ್ಲಿ ಸಿಗುವುದಿಲ್ಲ, ಬ್ರಿಟನ್ನಿನಿಂದ ಬರಬೇಕು. ಮುಂದಿನ ಆದೇಶದವರೆಗೆ ಬಾಯ್ಲರ್ ಹೊತ್ತಿಸಬಾರದೆಂದು ಆಜ್ಞೆಯಾಯಿತು. ತಿಂಗಳುಗಟ್ಟಲೆ ಹಡಗು ಕಟ್ಟಿಹಾಕಿದ ಆನೆಯಂತೆ ನಿಂತಿತು. ಪೂರ್ವದಲ್ಲಿ ಯುದ್ಧದ ಮೋಡ ಕವಿಯುತ್ತಿದ್ದಂತೆ, ಈ ಬಾರಿಯೂ ಹೊರಡದಿದ್ದರೆ ವಿಮಾನವಾಹಕ ಹಡಗು ಎಂಬ ಕಲ್ಪನೆಯೇ ನಮ್ಮ ನೌಕಾಪಡೆಯಲ್ಲಿ ಉಳಿಯುವುದಿಲ್ಲವೆಂದು ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಸ್. ಎಂ. ನಂದಾ ಮನಗಂಡರು. ಕ್ಯಾಪ್ಟನ್ ಸ್ವರಾಜ್ ಪರ್ಕಾಶ್ ಅವರ ಕೈಯಲ್ಲಿ ಹಡಗಿತ್ತು. 1971ರ ಮಾರ್ಚ್ 1ರಂದು ಒತ್ತಡ ತಗ್ಗಿಸಿ ಬಾಯ್ಲರ್ ಹೊತ್ತಿಸಿದರು. ಒಡೆದರೆ ತಡೆಯಲೆಂದು ಬಾಯ್ಲರ್‌ಗಳ ಸುತ್ತ ರಕ್ಷಣೆಯ ಪಟ್ಟಿ ಬಿಗಿದರು, ಉಗಿ ಸೋರುವುದು ಕಾಣಲೆಂದು ಕಿಟಕಿ ಕೂರಿಸಿದರು. ಇಪ್ಪತ್ನಾಲ್ಕು ನಾಟ್ ಓಡಬೇಕಾದ ಹಡಗಿಗೆ ಹದಿನಾಲ್ಕು ನಾಟ್ ಮೀರಬಾರದೆಂಬ ಕಟ್ಟಳೆಯೊಂದಿಗೆ ಅನುಮತಿ ಸಿಕ್ಕಿತು.

ಹದಿನಾಲ್ಕು ನಾಟ್ ಎಂದರೆ ಗಂಟೆಗೆ 26 ಕಿಲೋಮೀಟರ್. ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನ ವೇಗ. ಅದು ಚಾಲಕನಿಗೆ ಏಕೆ ಜೀವ ಮರಣದ ಲೆಕ್ಕವಾಗುತ್ತದೆಂದು ಹೇಳಲೇಬೇಕು.

ವಿಮಾನವನ್ನು ಎತ್ತಿಹಿಡಿಯುವುದು ಅದು ನೆಲದ ಮೇಲೆ ಓಡುವ ವೇಗವಲ್ಲ, ಅದರ ರೆಕ್ಕೆಗಳ ಮೇಲೆ ಹರಿಯುವ ಗಾಳಿಯ ವೇಗ. ಆದ್ದರಿಂದ ಪ್ರತಿ ಬಾರಿ ವಿಮಾನ ಏರುವಾಗಲೂ ಇಳಿಯುವಾಗಲೂ ಹಡಗು ತನ್ನ ದಾರಿ ಬಿಟ್ಟು ಗಾಳಿಗೆ ಮುಖ ಮಾಡಿ ತನ್ನಿಂದಾದಷ್ಟು ವೇಗವಾಗಿ ಓಡುತ್ತದೆ. ಬೀಸುವ ಗಾಳಿ ಮತ್ತು ಹಡಗಿನ ಓಟ ಎರಡೂ ಸೇರಿ ಡೆಕ್ಕಿನ ಮೇಲೆ ಎದುರುಗಾಳಿಯಾಗುತ್ತವೆ. ಏರುವವನಿಗೆ ಅಷ್ಟು ವೇಗ ಉಚಿತವಾಗಿ ಸಿಕ್ಕಿತು. ಇಳಿಯುವವನಿಗೆ ಹಗ್ಗಕ್ಕೆ ಬಡಿಯುವ ವೇಗದಲ್ಲಿ ಅಷ್ಟು ಕಳೆಯಿತು. ಹಡಗು ನಿಧಾನವಾದರೆ ಉಳಿದದ್ದನ್ನು ಗಾಳಿಯೇ ಕೊಡಬೇಕು, ಆದರೆ ಡಿಸೆಂಬರಿನ ಬಂಗಾಳ ಕೊಲ್ಲಿ ಬಹುಪಾಲು ದಿನ ಮಂದವಾಗಿರುತ್ತದೆ. ಕೆಟಪಲ್ಟಿಗೆ ಬೇಕಾದ ಉಗಿಯೂ ಅದೇ ಬಿರುಕುಬಿಟ್ಟ ಬಾಯ್ಲರ್‌ಗಳಿಂದ ಬರಬೇಕು. ಗಾಳಿ ಸಾಲದಿದ್ದರೆ ಬಾಂಬಿನ ಭಾರವನ್ನೋ ಇಂಧನವನ್ನೋ ಕಡಿಮೆ ಮಾಡಬೇಕು. ಇಂಧನ ಕಡಿಮೆಯಾದರೆ, ಮರಳಿ ಬಂದು ಮೊದಲ ಪ್ರಯತ್ನದಲ್ಲಿ ಹಗ್ಗ ಸಿಗದವನಿಗೆ ಇನ್ನೊಂದು ಸುತ್ತು ಹಾಕುವ ಅವಕಾಶವೂ ಕಡಿಮೆಯಾಗುತ್ತದೆ. ಇಳಿಯಲು ಬೇರೆ ನೆಲ ಹತ್ತಿರದಲ್ಲಿಲ್ಲ. ಬೆಳಗಿನ ನಾಲ್ಕಕ್ಕೆ ಡೆಕ್ಕಿಗೆ ಬಂದು ಮಾವ ಮೊದಲು ಮಾಡುತ್ತಿದ್ದ ಕೆಲಸ, ಬೆರಳು ಒದ್ದೆ ಮಾಡಿ ಮೇಲೆತ್ತುವುದು. ಮಲೆನಾಡಿನವನಾದ ಅವನಿಗೆ ಗಾಳಿ ಎಂದರೆ ಆಷಾಢದಲ್ಲಿ ಸಿಲ್ವರ್ ಓಕ್ ಮರ ಉರುಳಿಸಿ ಗಿಡ ಮುರಿಯುವ ಶತ್ರು. ಗಾಳಿ ಬರಲಿ ಎಂದು ದೇವರನ್ನು ಬೇಡಿಕೊಂಡದ್ದು ಆ ಹನ್ನೆರಡು ದಿನ ಮಾತ್ರವಂತೆ.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ನೆಲೆಗಳ ಮೇಲೆರಗಿದಾಗ ವಿಕ್ರಾಂತ್ ಅಂಡಮಾನಿನ ಕಡೆಯಿಂದ ಹೊರಟಿತ್ತು. ಅದನ್ನೇ ಬೇಟೆಯಾಡಲು ಕರಾಚಿಯಿಂದ ಬಂದಿದ್ದ ಘಾಜಿ ಜಲಾಂತರ್ಗಾಮಿ ಅದೇ ರಾತ್ರಿ ವಿಶಾಖಪಟ್ಟಣದ ಬಳಿ ಮುಳುಗಿತು. ಮರುದಿನ, 4ನೇ ತಾರೀಖು ಬೆಳಗ್ಗೆ, ಎಂಟು ಸೀ ಹಾಕ್‌ಗಳು ಒಂದರ ಹಿಂದೊಂದು ಕೆಟಪಲ್ಟಿನಿಂದ ಚಿಮ್ಮಿ ಕಾಕ್ಸ್ ಬಜಾರ್ ವಿಮಾನ ನಿಲ್ದಾಣದ ಮೇಲೆ ಎರಗಿದವು; ಮಧ್ಯಾಹ್ನ ಚಿತ್ತಗಾಂಗ್ ಬಂದರಿನ ಸರದಿ. ಸ್ಕ್ವಾಡ್ರನ್ ಮುಂದಾಳು ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತ. 1947ರಲ್ಲಿ ಮೊದಲು ಹಾರಿದ ಮಾದರಿಯ, ಬ್ರಿಟಿಷ್ ನೌಕಾಪಡೆ ಎಂದೋ ಕೈಬಿಟ್ಟಿದ್ದ, ಕೆಲವಂತೂ ಪಶ್ಚಿಮ ಜರ್ಮನಿಯವರು ಬಳಸಿ ಮಾರಿದ್ದ ವಿಮಾನಗಳು ಅವು. ಅಂಥದ್ದರಲ್ಲಿ ಕೂತು ಮೊದಲನೆಯವನಾಗಿ ಹೋಗುವುದು ಮತ್ತು ಮರುದಿನ ಮತ್ತೆ ಹೋಗುವುದು ಅವರ ಕೆಲಸ.

ಮಾವ ಒಂದು ಸಣ್ಣ ಅಭ್ಯಾಸವನ್ನು ಹೇಳುತ್ತಿದ್ದ. ಚಾಲಕನನ್ನು ಪಟ್ಟಿಗಳಿಂದ ಬಿಗಿದು ಕೂರಿಸಿ, ಏಣಿ ಇಳಿದ ಮೇಲೆ, ಎಂಜಿನ್ನಿನ ಅಬ್ಬರದಲ್ಲಿ ಯಾವ ಮಾತೂ ಕೇಳಿಸುವುದಿಲ್ಲ. ಆಗ ಅವನು ಕಾಕ್‌ಪಿಟ್ಟಿನ ಕೆಳಗೆ ವಿಮಾನದ ಮೈಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದ. ಎಲ್ಲ ನೋಡಿದ್ದೇನೆ, ಹೋಗಿ ಬನ್ನಿ ಎಂದು ಅದರ ಅರ್ಥ. ಒಳಗಿರುವವನಿಗೆ ಅದು ಕೇಳಿಸುವುದಿಲ್ಲವಲ್ಲ ಎಂದು ನಾನು ಕೇಳಿದಾಗ, "ಅವರಿಗಲ್ಲ, ವಿಮಾನಕ್ಕೆ" ಎಂದಿದ್ದ.

ಢಾಕಾದಲ್ಲಿದ್ದ ಪಾಕಿಸ್ತಾನದ ಸೇಬರ್ ಜೆಟ್‌ಗಳ ರನ್‌ವೇಯನ್ನು ನಮ್ಮ ವಾಯುಪಡೆ ಮೊದಲ ಕೆಲವು ದಿನಗಳಲ್ಲೇ ಕೆಡಿಸಿದ್ದರಿಂದ ಸೀ ಹಾಕ್‌ಗಳಿಗೆ ಆಕಾಶದಲ್ಲಿ ಎದುರಾಳಿ ಸಿಗಲಿಲ್ಲ. ಇದರಿಂದಾಗಿ ಅವರ ಯುದ್ಧವನ್ನು ಸುಲಭದ್ದೆಂದು ತೂಗುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬಂದರಿನ ಸುತ್ತಲ ವಿಮಾನನಾಶಕ ತೋಪುಗಳು ಕಾದಿರುವ ಕಡೆಗೆ ತಗ್ಗಿನಲ್ಲಿ ಇಳಿದು ರಾಕೆಟ್ ಹೊಡೆಯಬೇಕಿತ್ತು, ಮರುದಿನ ಅದೇ ತೋಪುಗಳ ಕಡೆಗೇ ಹೋಗಬೇಕಿತ್ತು. ಸೀ ಹಾಕ್‌ಗಳು ಹಗಲು ಹೋದರೆ, ಮೂವರು ಕೂರುವ ಫ್ರೆಂಚ್ ಅಲಿಝೆ ವಿಮಾನಗಳು ರಾತ್ರಿ ಹೋಗುತ್ತಿದ್ದವು. ಖುಲ್ನಾ, ಮೊಂಗ್ಲಾ ಬಂದರುಗಳಿಗೂ ದಾಳಿ ಹಬ್ಬಿತು. 14ರಂದು ಚಿತ್ತಗಾಂಗಿನ ಸೈನಿಕ ಬಿಡಾರಗಳ ಮೇಲೆ ಎರಗಿದ ನಂತರ ಹಡಗಿನ ಇಂಧನ ಕಾಲು ಭಾಗಕ್ಕೂ ಕೆಳಗಿಳಿದು, ತುಂಬಿಸಿಕೊಳ್ಳಲು ಒಡಿಶಾದ ಪಾರಾದೀಪ ಬಂದರಿಗೆ ಹೋಗಬೇಕಾಯಿತು. ಎರಡು ದಿನಗಳಲ್ಲಿ ಢಾಕಾದಲ್ಲಿ ಶರಣಾಗತಿಯಾಯಿತು. ಸಮುದ್ರದ ದಾರಿಯಿಂದ ಪೂರ್ವದ ಪಾಕ್ ಸೇನೆಗೆ ನೆರವು ಬರದಂತೆಯೂ ಅದು ತಪ್ಪಿಸಿಕೊಂಡು ಹೋಗದಂತೆಯೂ ಬಾಗಿಲು ಮುಚ್ಚಿದ್ದು ಆ ಹದಿನಾಲ್ಕು ನಾಟ್‌ನ ಹಡಗು ಮತ್ತು ಅದರ ಜೊತೆಗಿದ್ದ ಕೆಲವು ಯುದ್ಧನೌಕೆಗಳು.

ಗುಂಡಿನ ತೂತು ಹೊತ್ತು ಬಂದ ವಿಮಾನಗಳಿದ್ದವು, ಆದರೆ ವಿಕ್ರಾಂತ್‌ನಿಂದ ಹೋದದ್ದರಲ್ಲಿ ಒಂದೂ ಶತ್ರುವಿನ ಕೈಯಲ್ಲಿ ಕಳೆದುಹೋಗಲಿಲ್ಲ. ಹೋಗುವಾಗ ಎಣಿಸಿದಷ್ಟನ್ನು ಬರುವಾಗ ಎಣಿಸುವುದು ಡೆಕ್ಕಿನಲ್ಲಿ ನಿಂತ ಪ್ರತಿಯೊಬ್ಬನ ಕೆಲಸವಾಗಿತ್ತು. ಯಾರೂ ಹೇಳದೆ ಎಲ್ಲರೂ ಮಾಡುತ್ತಿದ್ದರು. ಪಶ್ಚಿಮದಲ್ಲಿ ಆ ಭಾಗ್ಯವಿರಲಿಲ್ಲ. ದಡದ ನೆಲೆಯಿಂದ ಅರಬ್ಬೀ ಸಮುದ್ರದ ಮೇಲೆ ಗಸ್ತು ಹೋಗಿದ್ದ ಒಂದು ಅಲಿಝೆಯನ್ನು ಡಿಸೆಂಬರ್ 10ರಂದು ಪಾಕಿಸ್ತಾನದ ಎಫ್-104 ವಿಮಾನ ಹೊಡೆದುರುಳಿಸಿತು. ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್ ಮತ್ತು ಅವರೊಡನಿದ್ದ ಇಬ್ಬರು ಮರಳಲಿಲ್ಲ. ಶಬ್ದದ ಎರಡರಷ್ಟು ವೇಗದ ಜೆಟ್‌ನ ಮುಂದೆ ತಿರುಗುವ ಪ್ರೊಪೆಲ್ಲರಿನಿಂದ ಹಾರುವ ಆ ವಿಮಾನಕ್ಕೆ ಓಡಿ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಅಲಿಝೆಯವರು ವಿಕ್ರಾಂತ್‌ನಲ್ಲಿ ಪಕ್ಕದ ಸ್ಕ್ವಾಡ್ರನ್ನಿನವರು, ಒಂದೇ ಹ್ಯಾಂಗರಿನ ನೆಂಟರು. ಮಾವ ಈ ಭಾಗಕ್ಕೆ ಬಂದಾಗಲೆಲ್ಲ ಕಥೆ ನಿಲ್ಲಿಸಿ ಎದ್ದು ಹೋಗುತ್ತಿದ್ದ, ನಾವೂ ಮುಂದುವರಿಸೆಂದು ಕೇಳುತ್ತಿರಲಿಲ್ಲ.

ನಾನು ದೊಡ್ಡವನಾಗಿ ಚಿಕ್ಕಮಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಚಿತ್ತಗಾಂಗಿನಲ್ಲಿ ಉರಿದ ಹಡಗುಗಳಲ್ಲಿಯೂ ಬಂದರಿನಲ್ಲಿಯೂ ಮನುಷ್ಯರಿದ್ದರಲ್ಲವೇ ಎಂದು ಒಮ್ಮೆ ಅವನನ್ನು ಕೇಳಿದೆ. ಅವನು ಕೋಪಿಸಿಕೊಳ್ಳುತ್ತಾನೆಂದು ಅಳುಕಿತ್ತು. ಇದ್ದರು ಎಂದ. ಇಳಿದ ಮೇಲೆ ಕೆಲವು ಚಾಲಕರು ಹೆಲ್ಮೆಟ್ ತೆಗೆಯದೆ ಸ್ವಲ್ಪ ಹೊತ್ತು ಹಾಗೆಯೇ ಒಳಗೆ ಕೂತಿರುತ್ತಿದ್ದರು, ನಾವು ಏಣಿ ಹಾಕಿ ಕೆಳಗೆ ಕಾಯುತ್ತಿದ್ದೆವು, ಅವರಾಗಿ ಏಳುವವರೆಗೆ ಮಾತನಾಡಿಸುತ್ತಿರಲಿಲ್ಲ ಎಂದ. ಆ ಯುದ್ಧ ನಡೆಯಬೇಕಾದದ್ದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಗಡಿ ದಾಟಿ ಬಂದ ನಿರಾಶ್ರಿತರ ಸಂಖ್ಯೆಯನ್ನು ರೇಡಿಯೊದಲ್ಲಿ ಕೇಳಿ ಅಜ್ಜಿ ಊಟ ಬಿಟ್ಟಿದ್ದನ್ನು ಕಂಡವನು ನಾನು. ಆದರೂ ಆ ಚಾಲಕರನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವ ಚಿತ್ರ ಚಿಮ್ಮುವ ರಾಕೆಟ್ಟಿನದಲ್ಲ, ಎಂಜಿನ್ ನಿಂತ ಮೇಲೂ ಏಳದೆ ಕೂತವರದು.

ವಿಕ್ರಾಂತ್‌ನವರಿಗೆ ಎರಡು ಮಹಾವೀರ ಚಕ್ರಗಳೂ ಹನ್ನೆರಡು ವೀರ ಚಕ್ರಗಳೂ ಬಂದವು. ಮಹಾವೀರ ಚಕ್ರ ಪಡೆದವರು ಕ್ಯಾಪ್ಟನ್ ಸ್ವರಾಜ್ ಪರ್ಕಾಶ್ ಮತ್ತು ಸಂತೋಷ್ ಕುಮಾರ್ ಗುಪ್ತ. ಒಬ್ಬರು ಒಡೆಯಬಹುದಾಗಿದ್ದ ಬಾಯ್ಲರ್‌ಗಳ ಮೇಲೆ ಹಡಗನ್ನು ಗಾಳಿಗೆ ಮುಖ ಮಾಡಿ ಓಡಿಸಿದವರು, ಇನ್ನೊಬ್ಬರು ಆ ಗಾಳಿಯನ್ನು ನಂಬಿ ಹಾರಿದವರು. ಇಬ್ಬರಿಗೂ ಒಂದೇ ಪದಕ ಬಂದದ್ದು ಎಷ್ಟು ಸರಿಯೆಂದು ಆ ಎದುರುಗಾಳಿಯ ಲೆಕ್ಕ ಅರ್ಥವಾದ ಮೇಲೆ ನನಗೆ ಹೊಳೆಯಿತು.

ಸೀ ಹಾಕ್‌ಗಳು 1983ರವರೆಗೆ ದುಡಿದವು. ಆ ವರ್ಷದ ಡಿಸೆಂಬರಿನಲ್ಲಿ ಸೀ ಹ್ಯಾರಿಯರ್‌ಗಳು ಬಂದು ಬಿಳಿಹುಲಿಗಳ ಹೆಸರನ್ನು ಹೊತ್ತವು. ನಿವೃತ್ತನಾಗಿ ತೋಟ ನೋಡಿಕೊಳ್ಳುತ್ತಿದ್ದ ಮಾವನನ್ನು ಒಮ್ಮೆ ದಾಬೋಲಿಯ ಪಕ್ಕದ ನೌಕಾ ವೈಮಾನಿಕ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಅಲ್ಲಿ ಬಯಲಿನಲ್ಲಿ ನಿಲ್ಲಿಸಿದ ಸೀ ಹಾಕ್ ಇದೆ. ಅವನು ನೇರವಾಗಿ ಬಾಲದ ಕೆಳಗೆ ಬಾಗಿ ಕೊಕ್ಕೆ ತೋರಿಸಿದ. ನಾನು ಊಹಿಸಿಕೊಂಡಿದ್ದಕ್ಕಿಂತ ಎಷ್ಟೋ ಸಣ್ಣದು. ಅಜ್ಜನ ಕೊಡೆಯ ಹಿಡಿಯೇ ಮನಸ್ಸಿನಲ್ಲಿ ದೊಡ್ಡದಾಗಿ ಬೆಳೆದುಬಿಟ್ಟಿತ್ತು.

ವಿಕ್ರಾಂತ್ 1997ರ ಜನವರಿ 31ರಂದು ಸೇವೆಯಿಂದ ಬಿಡುಗಡೆಯಾಯಿತು. ಕೆಲಕಾಲ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು, ಕೊನೆಗೆ 2014ರಲ್ಲಿ ಗುಜರಿಗೆ ಹೋಯಿತು. ಒಡೆಯುವ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಮಾವ ಅದನ್ನು ಮಡಚಿಟ್ಟು ಗಿಡ ಕಸಿ ಮಾಡಲು ಹೋದ.

2016ರಲ್ಲಿ ಬಜಾಜ್ ವಿ ಎಂಬ ಬೈಕು ಬಂತು. ಅದರ ಪೆಟ್ರೋಲ್ ಟ್ಯಾಂಕಿನಲ್ಲಿ ವಿಕ್ರಾಂತ್‌ನ ಲೋಹ ಸೇರಿದೆಯೆಂದು ಕೇಳಿ ನನ್ನ ಮಗ ಹಟ ಹಿಡಿದು ಅದನ್ನೇ ಕೊಂಡ, ಮೊದಲ ಭಾನುವಾರವೇ ಮೂಡಿಗೆರೆ ದಾರಿಯಲ್ಲಿ ಅಜ್ಜಿಯ ಮನೆಗೆ ಹೊರಟ. ನಾನು ಹಿಂದೆ ಕೂತಿದ್ದೆ. ಬೈಕು ಕಣದ ಅಂಚಿನಲ್ಲಿ ನಿಂತಿತು. ಮಾವನಿಗೆ ಆಗ ಎಪ್ಪತ್ತರ ಹತ್ತಿರ. ಕಿವಿ ಪೂರ್ತಿ ಹೋಗಿತ್ತು. ಟ್ಯಾಂಕು ಯಾವುದರಿಂದ ಮಾಡಿದ್ದೆಂದು ಮಗ ಒಂದು ಕಾಗದದ ಮೇಲೆ ಬರೆದು ತೋರಿಸಿದ. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಅಂಗೈಯಿಂದ ಟ್ಯಾಂಕನ್ನು ಒಮ್ಮೆ ಸವರಿ, ಮುಚ್ಚಳ ಬಿಗಿಯಾಗಿದೆಯೇ ನೋಡಿದ. ಊಟ ಮುಗಿಸಿ ಸಂಜೆ ನಾವು ಹೊರಟಾಗ ಮಗ ಎಂಜಿನ್ ಚಾಲೂ ಮಾಡಿದ. ಮಾವ ಹತ್ತಿರ ಬಂದು, ಟ್ಯಾಂಕಿನ ಪಕ್ಕಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಹಿಂದೆ ಸರಿದು ನಿಂತ.